ಸಾಫ್ಟ್‌ವೇರ್‌ನವನಿಗೆ ರಾಜಕೀಯ ಎಂತಕ್ಕೆ?

ಊರಲ್ಲಿ ನಮ್ಮ ದೊಡ್ಡಪ್ಪ, ಬೆಂಗಳೂರಿನ ಆಫೀಸಿನಲ್ಲಿ ಮ್ಯಾನೇಜರ್. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ, ಆದರೆ ಹೇಳಿದ್ದು ಒಂದೇ ಮಾತು. ದೊಡ್ಡಪ್ಪ ಅದನ್ನು ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಹತ್ತು ಎಲೆಗೆ ಕೇಳುವಂತೆ ಹೇಳಿದರು, ಮ್ಯಾನೇಜರ್ ಬಾಗಿಲು ಹಾಕಿಕೊಂಡು ಹೇಳಿದರು. ನನ್ನ ಹಾಗೆ ಸರ್ವರ್ ಕಾಯುವ ಕೆಲಸದಲ್ಲಿದ್ದು, ಬಾಯಿ ಮುಚ್ಚಿಕೊಂಡಿರಲಾಗದ ಹುಡುಗ ಹುಡುಗಿಯರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ. ಸಿಟ್ಟು ಪೂರ್ತಿ ಇಳಿದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಪಕ್ಷದ ವಿಷಯ ಮೊದಲೇ ಮುಗಿಸೋಣ, ಓದುವವರು ಅದನ್ನೇ ಹುಡುಕುತ್ತಾರೆ. ಐಟಿ ಕಾಯ್ದೆಗೆ 66ಎ ಸೇರಿಸಿದ್ದು 2008ರಲ್ಲಿ, ಯುಪಿಎ ಸರ್ಕಾರ. ಫೇಸ್‌ಬುಕ್ಕಿನಲ್ಲಿ ಬರೆದದ್ದಕ್ಕೆ ಜನರನ್ನು ಅದರಡಿ ಹಿಡಿದೊಯ್ದರು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದ್ದು 2015ರ ಮಾರ್ಚ್‌ನಲ್ಲಿ. ಕಾಶ್ಮೀರದಲ್ಲಿ 2019ರ ಆಗಸ್ಟ್‌ನಲ್ಲಿ ಹೋದ 4ಜಿ ಪೂರ್ತಿ ಮರಳಿದ್ದು 2021ರ ಫೆಬ್ರುವರಿಯಲ್ಲಿ, ಅದು ಎನ್‌ಡಿಎ. ಅದೇ ವರ್ಷ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ನಕಲು ತಡೆಯಲೆಂದು ರಾಜಸ್ಥಾನದ ಜಿಲ್ಲೆಗಳಲ್ಲಿ ಇಂಟರ್‌ನೆಟ್ ನಿಲ್ಲಿಸಿದ್ದು ಕಾಂಗ್ರೆಸ್ ಸರ್ಕಾರ. ಸ್ವಿಚ್ಚು ಕೈಗೆಟಕುವಲ್ಲಿದ್ದರೆ ಯಾರೇ ಆಗಲಿ ಒತ್ತುತ್ತಾರೆ. ನನ್ನ ರಾಜಕೀಯ ಇಷ್ಟೇ.

2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧ ಪ್ರತಿಭಟನೆ ನಡೆದು ಗೋಲಿಬಾರ್ ಆಯಿತು. ಇಬ್ಬರು ಸತ್ತರು. ಕರ್ಫ್ಯೂ ಬಂತು. ರಾತ್ರಿಯಿಂದ ದಕ್ಷಿಣ ಕನ್ನಡದಲ್ಲಿ 48 ಗಂಟೆ ಮೊಬೈಲ್ ಇಂಟರ್‌ನೆಟ್ ಬಂದ್. ನಾನು ಬಂಟ್ವಾಳದ ಕಡೆಯ ಮನೆಯಲ್ಲಿದ್ದೆ. ರಜೆಯಲ್ಲ, ಆನ್‌ಕಾಲ್. ವರ್ಷಾಂತ್ಯ, ತಂಡದ ಅರ್ಧ ಮಂದಿ ಊರಿಗೆ ಹೋಗಿದ್ದರು. ನಮ್ಮ ಕಂಪನಿಯದು ಔಷಧ ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್. ಆಸ್ಪತ್ರೆಗಳೊಳಗಿನ ಇಪ್ಪತ್ನಾಲ್ಕು ಗಂಟೆಯ ಮೆಡಿಕಲ್‌ಗಳೂ ಅದರಲ್ಲಿದ್ದವು. ಮನೆಯ ಲ್ಯಾಂಡ್‌ಲೈನ್ ತಂತಿ ಮಳೆಗಾಲದಲ್ಲಿ ಕಡಿದದ್ದು ಕಡಿದ ಹಾಗೇ ಇತ್ತು. ಲ್ಯಾಪ್‌ಟಾಪ್ ಇದ್ದೂ ಇಲ್ಲದ ಹಾಗೆ.

ಮರುದಿನ ರಾತ್ರಿ ಹನ್ನೊಂದರ ಮೇಲೆ ಎಸ್ಸೆಮ್ಮೆಸ್ ಬಂತು: ಡಿಸ್ಕ್ ಭರ್ತಿ. ಎಸ್ಸೆಮ್ಮೆಸ್ ಬರುತ್ತದೆ, ಕರೆ ಬರುತ್ತದೆ, ಸರ್ವರ್‌ಗೆ ಹೋಗುವ ದಾರಿ ಮಾತ್ರ ಇಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಕೆಲವೇ ತಿಂಗಳುಗಳಾಗಿದ್ದ ಹುಡುಗನೊಬ್ಬನಿದ್ದ. ನಾನು ಫೋನ್ ಮಾಡುವಷ್ಟರಲ್ಲಿ ಅವನು ದೊಡ್ಡ ಲಾಗ್ ಫೈಲ್ ಹುಡುಕಿ ಅಳಿಸಿಬಿಟ್ಟಿದ್ದ. 'ಅಳಿಸಿದೆ ಸರ್, ಜಾಗ ಮಾತ್ರ ಬಂದಿಲ್ಲ.' ಬರುವುದಿಲ್ಲ. ಆ ಫೈಲನ್ನು ಪ್ರೋಗ್ರಾಂ ಇನ್ನೂ ತೆರೆದು ಹಿಡಿದಿದ್ದರೆ, ಹೆಸರು ಹೋದರೂ ಜಾಗ ಬಿಟ್ಟುಕೊಡುವುದಿಲ್ಲ. ಪ್ರೋಗ್ರಾಂ ನಿಲ್ಲಿಸಿ ಶುರು ಮಾಡಿದರೆ ಸರಿಯಾಗುತ್ತದೆ, ಆದರೆ ಆ ಹೊತ್ತಿಗೆ ಅರ್ಧಕ್ಕೆ ನಿಂತಿದ್ದ ಬಿಲ್ಲುಗಳೆಲ್ಲ ಹೋಗುತ್ತವೆ. ಇನ್ನೊಂದೇ ದಾರಿ: ಪ್ರೋಗ್ರಾಂ ಹಿಡಿದ ಫೈಲುಗಳ ಪಟ್ಟಿ ತೆಗೆದು, ಅಳಿಸಿದ ಲಾಗಿನ ನಂಬರ್ ನೋಡಿ, ಆ ನಂಬರಿನದ್ದನ್ನಷ್ಟೇ ಖಾಲಿ ಮಾಡುವುದು. ಒಂದು ಅಂಕಿ ತಪ್ಪಿದರೆ ಲಾಗ್ ಬದಲು ಡೇಟಾಬೇಸ್ ಖಾಲಿ.

ಮನೆಯಲ್ಲಿ ಸಿಗ್ನಲ್ ನಿಲ್ಲುವುದು ಅಂಗಳದ ಒಂದು ಮೂಲೆಯಲ್ಲಿ, ಅಲ್ಲಿ ಅಡಿಕೆ ಹರವಿತ್ತು. ಬರಿಗಾಲಲ್ಲಿ ಅಡಿಕೆ ಮೇಲೆ ನಿಂತು ಒಂದೊಂದು ಅಕ್ಷರ ಹೇಳಿಸಿದೆ. ಅವನು ಪಟ್ಟಿ ಓದಿದ. ನಾಲ್ಕು, ಡೇಟಾಬೇಸ್. ಏಳು, ಅಳಿಸಿದ ಲಾಗ್. 'ಗ್ರೇಟರ್ ದ್ಯಾನ್ ಹಾಕು. ಸ್ಪೇಸ್. ಸ್ಲಾಶ್, ಪ್ರೊಕ್, ಸ್ಲಾಶ್, ಪ್ರೋಗ್ರಾಂ ನಂಬರ್. ಸ್ಲಾಶ್, ಎಫ್‌ಡಿ, ಸ್ಲಾಶ್. ಏಳು.'

'ಹೇಳಿ ಸರ್.'

'ಏಳು!'

'ಹೂಂ, ಹೇಳಿ ಸರ್.'

ಈಗ ನಗು ಬರುತ್ತದೆ. ಆಗ ಬೆವರು ಬಂದಿತ್ತು. ಲೈನು ಕಟ್ಟಾಯಿತು. ಮತ್ತೆ ಸಿಕ್ಕಿದಾಗ ಇಂಗ್ಲಿಷಿನಲ್ಲಿ ಸೆವೆನ್ ಎಂದು ಕೂಗಿದೆ, ಅಮ್ಮ ಒಳಗಿನಿಂದ ಎದ್ದು ಬಂದು ಚಾವಡಿಯ ದೀಪ ಹಾಕಿದರು. ಹೊಡೆದದ್ದನ್ನು ಮೊದಲಿನಿಂದ ಓದಿಸಿದೆ, ಇನ್ನೊಮ್ಮೆ ಓದಿಸಿದೆ. 'ಎಂಟರ್ ಒತ್ತಲಾ ಸರ್?' ಎಂದ. ಪರದೆ ಕಾಣದೆ 'ಒತ್ತು' ಎನ್ನುವುದು ಎಂಥ ಕಷ್ಟವೆಂದು ಆ ಕೆಲಸದಲ್ಲಿದ್ದವರಿಗಷ್ಟೇ ಗೊತ್ತು. ಒತ್ತಿದ. ಜಾಗ ಬಂತು, ಬಿಲ್ಲುಗಳು ಓಡಿದವು.

ಊರಲ್ಲಿ ಇಬ್ಬರು ಸತ್ತಿರುವಾಗ ನಿನ್ನ ಸರ್ವರ್ ದೊಡ್ಡದಾಯ್ತಾ ಎಂದು ದೊಡ್ಡಪ್ಪ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಜನ ಸಾಯುತ್ತಿರುವ ಹೊತ್ತಿಗೇ ಅಲ್ಲವೇ ನಿಜವಾದ ಸುದ್ದಿ ಬೇಕಾಗುವುದು? ಆ ಎರಡು ದಿನ ಗಾಳಿಸುದ್ದಿಗೇನೂ ಬರವಿರಲಿಲ್ಲ. ಫೋನ್ ಕರೆಯಲ್ಲೇ ನಮ್ಮನೆಗೆ ಬೇಕಾದಷ್ಟು ಬಂತು, ನಿಜವೋ ಸುಳ್ಳೋ ನೋಡಿಕೊಳ್ಳುವ ದಾರಿ ಮಾತ್ರ ಇರಲಿಲ್ಲ. ನಾನು ಇಷ್ಟನ್ನೂ ನನ್ನ ಹೆಸರಿನಲ್ಲೇ ಲಿಂಕ್ಡ್‌ಇನ್‌ನಲ್ಲಿ ಬರೆದೆ. ಮ್ಯಾನೇಜರ್ ಬಾಗಿಲು ಹಾಕಿಕೊಂಡದ್ದು ಆಗ. ಪ್ರೊಫೈಲಿನಲ್ಲಿ ಕಂಪನಿ ಹೆಸರಿದೆ, ತೆಗೆಯಿರಿ ಎಂದರು. ಕಂಪನಿ ಹೆಸರು ತೆಗೆದೆ, ಬರೆದದ್ದನ್ನು ಬಿಟ್ಟೆ. ಅವರು ಹೇಳಿದ್ದು ಬಹುಶಃ ಇದಲ್ಲ.

ಆಮೇಲೆ ಆರ್‌ಟಿಐ. ಇಂಟರ್‌ನೆಟ್ ನಿಲ್ಲಿಸಿದ ಆದೇಶದ ಪ್ರತಿ ಬೇಕೆಂದು ನಮೂನೆ-ಎ ತುಂಬಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಜೊತೆಗೆ ಎರಡು ಪುಟ ವಾದ ಬರೆದು ಒಂದು ಕಚೇರಿಗೆ ಕೊಟ್ಟೆ. ವಿಷಯ ನಿರ್ವಾಹಕರು ಪುಟ ತಿರುವಿ, 'ಕಂಪನಿಯವರಾ? ನಿಮಗೆ ಇದು ಯಾಕೆ?' ಎಂದರು. ಯಾಕೆಂದು ಕೇಳುವ ಅಧಿಕಾರವೇ ಅವರಿಗಿಲ್ಲ, ಕಾಯ್ದೆಯ 6(2) ಅದನ್ನೇ ಹೇಳುತ್ತದೆ. ಕೊನೆಗೆ ಹಿಂಬರಹ ಬಂತು: ಅರ್ಜಿ 150 ಪದ ಮೀರಿದೆ, ಕಡತವೂ ಈ ಕಚೇರಿಯಲ್ಲಿಲ್ಲ. ಕರ್ನಾಟಕದ ನಿಯಮದಲ್ಲಿ 150 ಪದದ ಮಿತಿ ಇರುವುದು ನಿಜ. ಆದರೆ ಕಡತ ಬೇರೆಡೆ ಇದ್ದರೆ ಅರ್ಜಿಯನ್ನು ಐದು ದಿನದೊಳಗೆ ತಾವೇ ಅಲ್ಲಿಗೆ ಕಳಿಸಬೇಕು, 6(3) ಪ್ರಕಾರ. ವಾಪಸ್ ಕಳಿಸಿ ಕೈತೊಳೆದುಕೊಳ್ಳುವುದಲ್ಲ. ಆ ಎರಡು ಪುಟದ ಒಂದು ಪದವನ್ನೂ ನಾನು ಹಿಂದೆಗೆದುಕೊಂಡಿಲ್ಲ; ಎರಡನೆಯ ಅರ್ಜಿಗೆ ಅದನ್ನು ಲಗತ್ತಿಸಲಿಲ್ಲ, ಅಷ್ಟೆ.

ಅಷ್ಟರಲ್ಲಿ 2020ರ ಜನವರಿ 10ರಂದು ಕಾಶ್ಮೀರದ ಇಂಟರ್‌ನೆಟ್ ಬಂದ್ ಕುರಿತ ಅನುರಾಧಾ ಭಸೀನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಆದೇಶಗಳನ್ನು ಪ್ರಕಟಿಸಲೇಬೇಕೆಂದಿತ್ತು. ಎರಡನೆಯ ಅರ್ಜಿಯಲ್ಲಿ ಅದನ್ನು ಒಂದೇ ಸಾಲಿನಲ್ಲಿ ಕಾಣಿಸಿದೆ. ಮೂವತ್ತು ದಿನ ಕಳೆದರೂ ಉತ್ತರವಿಲ್ಲ, ಮೊದಲ ಮೇಲ್ಮನವಿ ಹಾಕಿದ ಮೇಲೆ ಜೆರಾಕ್ಸ್ ಬಂತು. ಅದನ್ನು ದೊಡ್ಡಪ್ಪನಿಗೆ ತೋರಿಸಿದೆ. 'ಆಯ್ತಲ್ಲ ಮಾರಾಯ, ಇದರಿಂದ ಎಂತ ಸಿಕ್ಕಿತು?' ಎಂದರು. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳಿಂದ ಹೇಳಿಸಿದ ಪ್ರಕರಣದ ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು, ಅವರಿಗೆ ಎಂತ ಸಿಕ್ಕಿತು ಎಂದೆ. ದೊಡ್ಡಪ್ಪ ಪೇಪರ್ ಬಿಡಿಸಿ ಕೂತರು.

ಸಲಹೆ ಕೊಡಬೇಕಲ್ಲ. ಅಭಿಪ್ರಾಯಕ್ಕೆ ಆಫೀಸಿನ ಮೇಲ್ ಐಡಿ, ಆಫೀಸಿನ ಲ್ಯಾಪ್‌ಟಾಪ್ ಬೇಡ. ಅರ್ಜಿ ಕೊಟ್ಟರೆ ಸ್ವೀಕೃತಿ ಕೈಗೆ ಬರುವವರೆಗೆ ಕೌಂಟರ್ ಬಿಡಬೇಡಿ. ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ ವಾದ ಮಾಡುವ ಹೊತ್ತಿನಲ್ಲಿ ಒಂದು ಕರಡು ನಿಯಮ ಓದಿ ಮುಗಿಸಬಹುದು. ನೆಟ್ ನ್ಯೂಟ್ರಾಲಿಟಿ ಉಳಿದದ್ದು ಹಾಗೆಯೇ: 2015ರಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್‌ಗೆ ಹತ್ತು ಲಕ್ಷ ಮೀರಿ ಮೇಲ್ ಹೋದವು, 2016ರ ಫೆಬ್ರುವರಿ 8ರಂದು ಫೇಸ್‌ಬುಕ್ಕಿನ ಫ್ರೀ ಬೇಸಿಕ್ಸ್‌ನಂಥವಕ್ಕೆ ಬಾಗಿಲು ಮುಚ್ಚಿತು.

2022ರ ಏಪ್ರಿಲ್‌ನಲ್ಲಿ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ ನಿರ್ದೇಶನ ಬಂತು. ಸೈಬರ್ ಘಟನೆಯನ್ನು ಆರು ಗಂಟೆಯೊಳಗೆ ವರದಿ ಮಾಡಬೇಕು, ಲಾಗ್ 180 ದಿನ ಇಡಬೇಕು. ಅದೇ ಮ್ಯಾನೇಜರ್ ನನ್ನನ್ನು ಕರೆದು, ಇದಕ್ಕೆ ಎಷ್ಟು ಡಿಸ್ಕ್ ಬೇಕು, ಸಂಜೆಯೊಳಗೆ ಹೇಳಿ ಎಂದರು. ಇದು ಕೆಲಸವೋ ರಾಜಕೀಯವೋ ಎಂದು ಕೇಳಿದೆ. ಕೆಲಸ ಎಂದರು. 2025ರ ಜನವರಿಯಲ್ಲಿ ಬಂದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕರಡು ನಿಯಮಗಳು ಲಾಗನ್ನು ಒಂದು ವರ್ಷ ಇಡಬೇಕೆಂದವು. ಸಣ್ಣ ಕಂಪನಿಗೆ ಇದು ಭಾರ, ಕದಿಯುವವನಿಗೆ ಹಬ್ಬ ಎಂದು 6ನೇ ನಿಯಮದ ಸಂಖ್ಯೆ ಹಾಕಿ ಅಭಿಪ್ರಾಯ ಕಳಿಸಿದೆ, 150 ಪದದೊಳಗೆ. ನವೆಂಬರ್‌ನಲ್ಲಿ ಅಂತಿಮ ನಿಯಮ ಹೊರಬಿತ್ತು. ಒಂದು ವರ್ಷ ಹಾಗೇ ಇದೆ. ಡಿಸ್ಕ್ ಖರೀದಿಗೆ ಬರೆದು ಕೊಟ್ಟಿದ್ದೇನೆ.