ಬನ್ನೂರೋ ಮೈಸೂರೋ: ಮನೆ ಬದಲಿಸುವ ಮುನ್ನ ಹಾಕಬೇಕಾದ ಲೆಕ್ಕ

ಬನ್ನೂರಿನಿಂದ ಮೈಸೂರಿಗೆ ಹೆಚ್ಚುಕಡಿಮೆ 25 ಕಿಲೋಮೀಟರ್. ಬೆಳಗಿನ ಹೊತ್ತು ಈ ದಾರಿಯಲ್ಲಿ ಎರಡೂ ಕಡೆಯ ಬಸ್ಸುಗಳು ತುಂಬಿರುತ್ತವೆ. ಬನ್ನೂರಿನಲ್ಲಿ ಮನೆ ಇಟ್ಟುಕೊಂಡು ಮೈಸೂರಿನ ಅಂಗಡಿ, ಆಸ್ಪತ್ರೆ, ಕಾರ್ಖಾನೆಗೆ ಹೋಗುವವರು ಒಂದು ಕಡೆ. ಮೈಸೂರಿನಲ್ಲಿ ಸಂಸಾರ ಹೂಡಿ ಬನ್ನೂರಿನ ಶಾಲೆಗೋ ಬ್ಯಾಂಕಿಗೋ ಬರುವವರು ಇನ್ನೊಂದು ಕಡೆ. ಯಾರನ್ನೇ ಕೇಳಿ, ತಾವು ಮಾಡಿದ್ದೇ ಸರಿ ಎನ್ನುತ್ತಾರೆ. ಯಾರ ಮಾತನ್ನೂ ನಂಬದೆ ನಿಮ್ಮ ಮನೆಯ ಲೆಕ್ಕವನ್ನು ನೀವೇ ಹಾಕುವುದು ಹೇಗೆ ಎಂಬುದು ಇಲ್ಲಿದೆ.

ಮೊದಲು, ರ‍್ಯಾಂಕ್ ಪಟ್ಟಿಗಳನ್ನು ಪಕ್ಕಕ್ಕಿಡಿ. ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯದ 2020ರ ಸುಗಮ ಜೀವನ ಸೂಚ್ಯಂಕ 111 ನಗರಗಳನ್ನು ಅಳೆದು, ಹತ್ತು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಬೆಂಗಳೂರಿಗೆ ಮೊದಲ ಸ್ಥಾನ ಕೊಟ್ಟಿತ್ತು. ಅಲ್ಲಿನ ಸಿಲ್ಕ್ ಬೋರ್ಡ್ ಸಿಗ್ನಲ್‌ನ ಟ್ರಾಫಿಕ್ಕಿನಲ್ಲಿ ನಿಂತವರು ಇದನ್ನು ಓದಿ ಏನಂದುಕೊಂಡರೋ! ಬನ್ನೂರಿನಂಥ ಪುರಸಭೆ ಊರುಗಳು ಆ ಪಟ್ಟಿಯಲ್ಲೇ ಇಲ್ಲ. ಕಾರ್ಮಿಕ ಬ್ಯೂರೊ ತಿಂಗಳಿಗೊಮ್ಮೆ ಪ್ರಕಟಿಸುವ ಬೆಲೆ ಸೂಚ್ಯಂಕವೂ ಈ ಕೆಲಸಕ್ಕೆ ಬಾರದು. ಅದರಲ್ಲಿ ಪ್ರತಿ ಕೇಂದ್ರದ 2016ರ ಬೆಲೆಯನ್ನೇ 100 ಎಂದು ಹಿಡಿದಿರುತ್ತಾರೆ. ಹಾಗಾಗಿ ಆ ಊರಲ್ಲಿ ಬೆಲೆ ಎಷ್ಟು ಏರಿತು ಎಂದು ತಿಳಿಯುತ್ತದೆಯೇ ಹೊರತು, ಎರಡು ಊರುಗಳಲ್ಲಿ ಯಾವುದು ದುಬಾರಿ ಎಂದು ತಿಳಿಯುವುದಿಲ್ಲ.

ಎರಡನೆಯದು, ಒಂದು ತಿಂಗಳ ಖರ್ಚು ಬರೆದು ಅರ್ಧ ಪಟ್ಟಿ ಹೊಡೆದುಹಾಕಿ. ನಂದಿನಿ ಹಾಲಿನ ಪ್ಯಾಕೆಟ್, ಸೋಪು, ಎಣ್ಣೆ ಪ್ಯಾಕೆಟ್, ಮೊಬೈಲ್ ರೀಚಾರ್ಜ್ ಎರಡು ಕಡೆಯೂ ಒಂದೇ ದರ. ಎರಡೂ ಊರಿಗೆ ಕರೆಂಟು ಕೊಡುವುದು ಚೆಸ್ಕಾಂ. ಗ್ಯಾಸ್ ಸಿಲಿಂಡರಿನಲ್ಲಿ ವ್ಯತ್ಯಾಸ ಬಂದರೂ ಚಿಲ್ಲರೆ ಕಾಸು. ಉಳಿಯುವುದು ಮನೆ, ಓಡಾಟ, ಮಕ್ಕಳ ಶಾಲೆ, ತರಕಾರಿ–ಮಾಂಸ, ಡಾಕ್ಟರು, ಮುಯ್ಯಿ. ಊರು ಊರಿಗೆ ವ್ಯತ್ಯಾಸ ಬರುವುದು ಇಲ್ಲೇ.

‘ಸಣ್ಣ ಊರಲ್ಲಿ ಕಡಿಮೆ ಖರ್ಚು’ ಎಂಬ ಮಾತಿನಲ್ಲಿ ಬೆಲೆಗಿಂತ ಬಳಕೆಯ ಪಾಲೇ ದೊಡ್ಡದು. 2023–24ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಬ್ಬರ ತಿಂಗಳ ಸರಾಸರಿ ಖರ್ಚು ಹಳ್ಳಿಗಳಲ್ಲಿ 4,122 ರೂಪಾಯಿ, ನಗರಗಳಲ್ಲಿ 6,996 ರೂಪಾಯಿ. ಇದರರ್ಥ ನಗರದಲ್ಲಿ ಅದೇ ಸಾಮಾನಿಗೆ ಅಷ್ಟು ಜಾಸ್ತಿ ಬೆಲೆ ಎಂದಲ್ಲ. ಶನಿವಾರ ಸಂಜೆ ಹೋಟೆಲಿಗೆ ಹೋಗುವ ಅಭ್ಯಾಸವಿದ್ದವರು ಬನ್ನೂರಿನಲ್ಲಿದ್ದರೂ ಗಾಡಿ ಹತ್ತಿ ಮೈಸೂರಿಗೇ ಹೋಗುತ್ತಾರೆ, ಪೆಟ್ರೋಲು ಮೇಲಷ್ಟು.

ಮೂರನೆಯದು ಮನೆ. ಇಲ್ಲಿ ನಿಧಾನವಾಗಿ ಲೆಕ್ಕ ಹಾಕಿ. ‘ಬನ್ನೂರಿನಲ್ಲಿ ಸ್ವಂತ ಮನೆ ಇದೆ, ಬಾಡಿಗೆ ಸೊನ್ನೆ’ ಎಂದು ಬರೆಯಬೇಡಿ. ಅದನ್ನು ಬಾಡಿಗೆಗೆ ಬಿಟ್ಟರೆ ಎಷ್ಟು ಬರುತ್ತಿತ್ತೋ ಅಷ್ಟನ್ನು ಖರ್ಚಿನ ಕಾಲಮ್ಮಿಗೆ ಹಾಕಿ. ಗದ್ದೆಯಿಂದ ಬರುವ ಅಕ್ಕಿಗೂ ಊರಿನ ದರ ಕಟ್ಟಿ. ಮನೆಯಲ್ಲಿ ಬೆಳೆದದ್ದಕ್ಕೆ ಸಮೀಕ್ಷೆಯವರೂ ಬೆಲೆ ಹಿಡಿಯುತ್ತಾರೆ. ಮೈಸೂರಿನಲ್ಲಿ ಭೋಗ್ಯಕ್ಕೆ ಮನೆ ಸಿಕ್ಕಿತು, ಬಾಡಿಗೆಯೇ ಇಲ್ಲ ಎಂದು ಹಿಗ್ಗುವವರೂ ಒಂದು ಲೆಕ್ಕ ಮರೆಯುತ್ತಾರೆ. ಎಂಟು ಲಕ್ಷ ಕೊಟ್ಟಿದ್ದೀರಿ ಎಂದುಕೊಳ್ಳಿ. ಶೇ 7ರ ಬಡ್ಡಿಯಲ್ಲಿ ಅದು ವರ್ಷಕ್ಕೆ 56,000 ತರುತ್ತಿತ್ತು. ತಿಂಗಳಿಗೆ 4,667 ರೂಪಾಯಿ, ಅದೇ ನಿಮ್ಮ ಬಾಡಿಗೆ. ಒಂದು ವರ್ಷಕ್ಕಿಂತ ಹೆಚ್ಚಿನ ಕರಾರಾದರೆ ನೋಂದಣಿ ಕಡ್ಡಾಯ. ಅಷ್ಟು ದುಡ್ಡನ್ನು ಬರೀ ಸ್ಟಾಂಪ್ ಪೇಪರ್ ನಂಬಿ ಕೊಡಬೇಡಿ.

ರಾಜ್ಯ ಸರ್ಕಾರಿ ನೌಕರರು ಇನ್ನೊಂದು ಸಾಲು ಸೇರಿಸಿಕೊಳ್ಳಬೇಕು. ಮನೆ ಬಾಡಿಗೆ ಭತ್ಯೆ ಸಿಗುವುದು ಕೆಲಸದ ಸ್ಥಳ ನೋಡಿ, ವಾಸದ ಸ್ಥಳ ನೋಡಿ ಅಲ್ಲ. ಏಳನೇ ವೇತನ ಆಯೋಗದ ನಂತರ ಮೈಸೂರಿಗೆ ಮೂಲ ವೇತನದ ಶೇ 15, ಬನ್ನೂರಿನಂಥ ಊರಿಗೆ ಶೇ 7.5. ಮೂಲ ವೇತನ 50,000 ಇರುವ ಮೇಷ್ಟ್ರು ಬನ್ನೂರು ಶಾಲೆಯಲ್ಲಿದ್ದು ಮೈಸೂರಿನಲ್ಲಿ ಮನೆ ಮಾಡಿದರೆ, ಕೈಗೆ ಬರುವ ಭತ್ಯೆ 3,750. ಕಟ್ಟುವ ಬಾಡಿಗೆ ಮಾತ್ರ ಮೈಸೂರಿನದು.

ನಾಲ್ಕನೆಯದು ಓಡಾಟ. ದಿನಕ್ಕೆ 50 ಕಿಲೋಮೀಟರ್, ತಿಂಗಳಿಗೆ 25 ದಿನ ಎಂದರೆ 1,250 ಕಿಲೋಮೀಟರ್. ಲೀಟರಿಗೆ 50 ಕೊಡುವ ಬೈಕಿಗೆ 25 ಲೀಟರ್ ಪೆಟ್ರೋಲು, ಅಂದರೆ ಎರಡೂವರೆ ಸಾವಿರದ ಮೇಲೆ. ಸರ್ವಿಸು, ಟೈರು ಬೇರೆ. ಹೆಣ್ಣುಮಕ್ಕಳು ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ಓಡಾಡಿದರೆ, 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದಾಗಿ ಟಿಕೆಟ್ ಸೊನ್ನೆ. ಹಾಗಾಗಿ ಮನೆಯಲ್ಲಿ ಓಡಾಡುವವರು ಹೆಂಡತಿಯೋ ಗಂಡನೋ ಎಂಬುದರ ಮೇಲೆ ಇಡೀ ಲೆಕ್ಕ ತಲೆಕೆಳಗಾಗಬಹುದು. ಹೊತ್ತನ್ನೂ ಬರೆಯಿರಿ. ಕಾಯುವುದೂ ಸೇರಿ ಹೋಗಿಬರಲು ಎರಡೂವರೆ ಗಂಟೆಯಾದರೆ, ತಿಂಗಳಿಗೆ ಅರವತ್ತು ಗಂಟೆಗೂ ಹೆಚ್ಚು.

ಮುಯ್ಯಿಯನ್ನು ಯಾರೂ ಪಟ್ಟಿಗೆ ಹಾಕುವುದಿಲ್ಲ. ಬನ್ನೂರಿನಲ್ಲಿ ಬೀದಿಗೆಲ್ಲ ಪರಿಚಯ; ಲಗ್ನದ ಕಾಲದಲ್ಲಿ ಮದುವೆ, ಬೀಗರೂಟ, ಗೃಹಪ್ರವೇಶ ಎಂದು ವಾರಕ್ಕೆರಡು ಕವರು ಖಾಲಿ. ಆದರೆ ರಾತ್ರಿ ಹೊತ್ತು ಮನೆಯಲ್ಲಿ ಯಾರಿಗಾದರೂ ಹೆಚ್ಚುಕಡಿಮೆಯಾದರೆ ಕೂಗಿದ ಕೂಡಲೇ ಓಡಿ ಬರುವವರೂ ಇವರೇ. ಇದಕ್ಕೆ ರೂಪಾಯಿ ಹಾಕಲು ಹೋಗಬೇಡಿ, ಪಟ್ಟಿಯ ಅಂಚಿನಲ್ಲಿ ಬರೆದಿಡಿ.

ಐದನೆಯದು ಬದುಕಿನ ಸೌಕರ್ಯ. ಊರಿಗೆ ಹತ್ತರಲ್ಲಿ ಇಷ್ಟು ಅಂಕ ಎಂದು ಕೊಡುವ ಆಟ ಬೇಡ. ನಿಮ್ಮ ಮನೆಯವರು ವಾರಕ್ಕೊಮ್ಮೆಯಾದರೂ ಬಳಸುವುದನ್ನು ಮಾತ್ರ ಬರೆಯಿರಿ. ಅಪ್ಪನಿಗೆ ಡಯಾಲಿಸಿಸ್ ಇದ್ದು ವಾರಕ್ಕೆ ಮೂರು ಸಲ ಮೈಸೂರಿಗೇ ಹೋಗಬೇಕಾದರೆ, ಅದು ತಿಂಗಳಿಗೆ ಹನ್ನೆರಡು ಹದಿಮೂರು ಪ್ರಯಾಣ. ಹೃದಯದ ತೊಂದರೆ ಇರುವವರಿಗೆ ದಾರಿಯ ಮುಕ್ಕಾಲು ಗಂಟೆಯೇ ದುಬಾರಿ. ಅಂಥ ಮನೆಯವರು ಬಾಡಿಗೆ ಎಷ್ಟಾದರೂ ಮೈಸೂರಿನಲ್ಲಿರುವುದೇ ಮೇಲು ಎನ್ನುತ್ತೇನೆ. ಎಲ್ಲರೂ ಗಟ್ಟಿಮುಟ್ಟಾಗಿದ್ದು, ಸ್ವಂತ ಸೂರಿದ್ದು, ಬಸ್ಸಿನಲ್ಲಿ ಓಡಾಡುವವರು ಹೆಣ್ಣುಮಕ್ಕಳಾದರೆ ಬನ್ನೂರು ಬಿಡಲು ಕಾರಣ ಕಾಣುವುದಿಲ್ಲ. ಊರು ನೋಡಲು ಭಾನುವಾರ ಹೋಗಬೇಡಿ. ವಾರದ ನಡುವೆ ಸಂಜೆ ಹೋಗಿ, ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು, ರಾತ್ರಿ ಯಾವ ಮೆಡಿಕಲ್ ಸ್ಟೋರ್ ತೆರೆದಿರುತ್ತದೆ, ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಅಕ್ಕಪಕ್ಕದವರನ್ನೇ ಕೇಳಿ.

ಎಲ್ಲ ಲೆಕ್ಕವಾದ ಮೇಲೂ ಅನುಮಾನ ಉಳಿದರೆ ಹಳೆಯ ಮನೆ ಮಾರಬೇಡಿ. ಹನ್ನೊಂದು ತಿಂಗಳ ಕರಾರಿನಲ್ಲಿ ಇದ್ದು ನೋಡಿ. ಅಡ್ವಾನ್ಸ್ ಕೊಡುವ ಮೊದಲು ಹೊಸ ಮನೆಯ ಹಳೇ ಕರೆಂಟ್ ಬಿಲ್ ಕೇಳಿ. ಗೃಹಜ್ಯೋತಿ ಯೋಜನೆಯ ಉಚಿತ ಯೂನಿಟ್ಟುಗಳು ಆ ಮೀಟರಿನ 2022–23ರ ಸರಾಸರಿ ಬಳಕೆಯನ್ನು ಆಧರಿಸಿರುತ್ತವೆ. ಆ ವರ್ಷ ಮನೆ ಬಹಳ ಕಾಲ ಖಾಲಿ ಬಿದ್ದಿದ್ದರೆ ನಿಮಗೆ ಸಿಗುವ ಯೂನಿಟ್ಟೂ ಕಡಿಮೆಯಾಗಬಹುದು. ಬಿಡುತ್ತಿರುವ ಮನೆಯ ಆರ್.ಆರ್. ನಂಬರಿನಿಂದ ನಿಮ್ಮ ಆಧಾರ್ ಅನ್ನು ಸೇವಾ ಸಿಂಧುವಿನಲ್ಲಿ ಡಿ-ಲಿಂಕ್ ಮಾಡಿಸಿ, ಆಮೇಲೆ ಹೊಸ ಮೀಟರಿಗೆ ಅರ್ಜಿ ಹಾಕಿ.