ಕೆಲಸಕ್ಕೆ ಸೇರಿಸಿಕೊಳ್ಳುವ ಮುನ್ನ

ಗುಂಜಹಳ್ಳಿ, ರಾಯಚೂರು, ಮಾನ್ವಿ, ದೇವದುರ್ಗದ ಕಡೆ ಹತ್ತಿ ಜಿನ್ನಿಂಗ್ ಮಿಲ್ಲು, ಅಕ್ಕಿ ಗಿರಣಿ, ಶಾಲೆ ನಡೆಸುವವರಿಗೆ ಒಂದು ಮಾತು. ಗುಮಾಸ್ತನನ್ನೋ ಚಾಲಕನನ್ನೋ 'ಪರಿಚಯದವರು ಹೇಳಿದರು' ಎಂದಷ್ಟಕ್ಕೇ ಸೇರಿಸಿಕೊಳ್ಳಬೇಡಿ, ಹಿನ್ನೆಲೆ ವಿಚಾರಿಸಿ. ಹಾಗೆಯೇ ವಿಚಾರಿಸಿಕೊಡುವ ಸಂಸ್ಥೆಯನ್ನೂ ಮೊದಲು ವಿಚಾರಿಸಿ.

ಕಾವಲುಗಾರರನ್ನು ಒದಗಿಸುವ ಏಜೆನ್ಸಿಗೆ 2005ರ ಕಾಯ್ದೆಯಂತೆ ಲೈಸೆನ್ಸ್ ಕಡ್ಡಾಯ. ಹಿನ್ನೆಲೆ ಪರಿಶೀಲನೆಗೆಂದೇ ಅಂಥ ಲೈಸೆನ್ಸ್ ಇಲ್ಲ. ಬೋರ್ಡು ಯಾರು ಬೇಕಾದರೂ ಹಾಕಬಹುದು. ಆದ್ದರಿಂದ ಕೇಳಿ: ಅಭ್ಯರ್ಥಿಯ ಲಿಖಿತ ಒಪ್ಪಿಗೆ ಪಡೆಯುತ್ತೀರಾ? ಹಳೆಯ ಮಾಲೀಕರೊಂದಿಗೆ ನೇರವಾಗಿ ಮಾತಾಡುತ್ತೀರಾ? ಅಂಕಪಟ್ಟಿಯನ್ನು ವಿಶ್ವವಿದ್ಯಾಲಯದಿಂದಲೇ ಖಚಿತಪಡಿಸುತ್ತೀರಾ? ಕೆಲಸ ಮುಗಿದ ಮೇಲೆ ಆಧಾರ್ ಪ್ರತಿಯನ್ನು ಏನು ಮಾಡುತ್ತೀರಿ? 'ಫೋನ್ ಕರೆಗಳ ವಿವರವನ್ನೂ ತೆಗೆಸಿಕೊಡುತ್ತೇವೆ' ಎನ್ನುವವರಿಂದ ದೂರವಿರಿ, ಅದು ಅಪರಾಧ.

ಇನ್ನೊಂದು ಎಚ್ಚರಿಕೆ. ನಮ್ಮಲ್ಲಿ ಒಂದೇ ಊರಿನಲ್ಲಿ ನಾಲ್ಕು ಜನ ಬಸವರಾಜ, ಮೂರು ಜನ ಹುಸೇನಪ್ಪ ಇರುತ್ತಾರೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ಬರೀ ಹೆಸರು ಹಾಕಿ ಹುಡುಕಿದರೆ ಯಾರದೋ ಕೇಸು ಯಾರದೋ ತಲೆಗೆ ಬರುತ್ತದೆ. ತಂದೆಯ ಹೆಸರು, ಊರು, ವಯಸ್ಸು ತಾಳೆ ನೋಡದ ವರದಿಗೆ ದುಡ್ಡು ಕೊಡಬೇಡಿ. ಕೇಸು ದಾಖಲಾದ ಮಾತ್ರಕ್ಕೆ ತಪ್ಪಿತಸ್ಥ ಎಂದೂ ಅಲ್ಲ. ಆ ವ್ಯಕ್ತಿಯ ಉತ್ತರ ಕೇಳಿಯೇ ತೀರ್ಮಾನಿಸಿ.

ಒಬ್ಬಿಬ್ಬರನ್ನು ತೆಗೆದುಕೊಳ್ಳುವುದಾದರೆ ಸಂಸ್ಥೆಯೇ ಬೇಕೆಂದಿಲ್ಲ. ಪೊಲೀಸ್ ಪರಿಶೀಲನೆಗೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಿಸಬಹುದು. ಚಾಲಕನ ಲೈಸೆನ್ಸನ್ನು ಪರಿವಾಹನ್ ಜಾಲತಾಣದಲ್ಲಿ ನೋಡಬಹುದು.

ನಿಮ್ಮ ಗಲ್ಲಾಪೆಟ್ಟಿಗೆ ಭದ್ರವಾಗಿರಲಿ, ಕೆಲಸ ಕೇಳಿ ಬಂದವರ ಮಾನವೂ ಉಳಿಯಲಿ.