ಸ್ಯಾಡಲ್ ಪೀಕ್: ದ್ವೀಪದ ನೆತ್ತಿಗೆ ಚಾರಣ

ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳ ಅತ್ಯುನ್ನತ ಶಿಖರ ಸ್ಯಾಡಲ್ ಪೀಕ್. ಎತ್ತರ 732 ಮೀಟರ್; ಕೆಲವು ಪುಸ್ತಕಗಳಲ್ಲಿ 738 ಎಂದೂ ಇದೆ, ಗೊಂದಲ ಬೇಡ. ಇದು ಉತ್ತರ ಅಂಡಮಾನ್‌ನ ಡಿಗ್ಲಿಪುರದ ಬಳಿ, ಅದೇ ಹೆಸರಿನ ರಾಷ್ಟ್ರೀಯ ಉದ್ಯಾನದಲ್ಲಿದೆ.

ಮುಧೋಳ, ಜಮಖಂಡಿ ಕಡೆಯವರಿಗೆ ಈ ಅಂಕಿ ಸಣ್ಣದೆನಿಸಬಹುದು. ನಮ್ಮ ಊರುಗಳೇ ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಮೇಲಿವೆ! ಆದರೆ ಅಲ್ಲಿ ನಡಿಗೆ ಶುರುವಾಗುವುದೇ ಕಡಲದಂಡೆಯಿಂದ. ಲಮಿಯಾ ಕೊಲ್ಲಿಯಿಂದ ಸುಮಾರು 8 ಕಿ.ಮೀ. ದಟ್ಟ ಮಳೆಕಾಡಿನ ದಾರಿ. 732 ಮೀಟರನ್ನೂ ಕಾಲಿನಿಂದಲೇ ಏರಬೇಕು. ಅರಣ್ಯ ಇಲಾಖೆಯ ಅನುಮತಿ ಕಡ್ಡಾಯ.

ಈ ದ್ವೀಪಸರಣಿ ಮ್ಯಾನ್ಮಾರಿನ ಅರಾಕಾನ್ ಯೋಮಾ ಪರ್ವತಗಳು ಸಮುದ್ರದೊಳಗೆ ಮುಂದುವರಿದ ಭಾಗ. ಕಲ್ಪೊಂಗ್ ನದಿ ಹುಟ್ಟುವುದು ಸ್ಯಾಡಲ್ ಪೀಕ್‌ನಲ್ಲೇ. ಅಂಡಮಾನ್‌ನ ಮೊದಲ ಜಲವಿದ್ಯುತ್ ಯೋಜನೆ ಈ ನದಿಯದು.

ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳು ಎಡವುವುದು ಇಲ್ಲಿ: ನಿಕೋಬಾರ್ ಗುಂಪಿನ ಎತ್ತರದ ಶಿಖರ ಗ್ರೇಟ್ ನಿಕೋಬಾರ್‌ನ ಮೌಂಟ್ ಥುಲ್ಲಿಯರ್, 642 ಮೀಟರ್. ಎರಡೂ ಗುಂಪುಗಳ ನಡುವೆ ಹತ್ತು ಡಿಗ್ರಿ ಕಾಲುವೆ ಇದೆ. ದಕ್ಷಿಣ ಅಂಡಮಾನ್‌ನ ಮೌಂಟ್ ಹ್ಯಾರಿಯೆಟ್ ಬೇರೆಯೇ. 2021ರಲ್ಲಿ ಅದರ ಹೆಸರು ಮೌಂಟ್ ಮಣಿಪುರ ಎಂದಾಯಿತು.